ಅಪ್ಪ ಹೋದ ಮೇಲೆ: ಮೊದಲು ಅಮ್ಮನ ಕಾಗದ, ಪಾಲು ಆಮೇಲೆ

ಅಪ್ಪ ತೀರಿಕೊಂಡ ಐದನೆಯ ದಿನ. ಸೂತಕದ ಮನೆ, ಎಲ್ಲರೂ ಗೋಡೆಗೆ ಒರಗಿ ಕೂತಿದ್ದೆವು. ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು: ‘ಕರೆಂಟ್ ಬಿಲ್ ಇನ್ನು ಯಾರ ಹೆಸರಿಗೆ ಬರುತ್ತದೆ?’ ಅಣ್ಣ ‘ಅದೆಲ್ಲ ಈಗ ಯಾಕಮ್ಮ’ ಎಂದು ಸುಮ್ಮನಾಗಿಸಿದ. ಅವಳು ಕೇಳಿದ್ದು ಬಿಲ್ಲಿನ ವಿಚಾರ ಅಲ್ಲ ಎಂದು ನನಗೆ ಹೊಳೆದದ್ದು ವಾರ ಕಳೆದ ಮೇಲೆ. ಮನೆಯ ಖಾತೆ, ಗ್ಯಾಸ್, ಬ್ಯಾಂಕ್ ಪುಸ್ತಕ, ತೆಂಗಿನ ತೋಟದ ಪಹಣಿ ಎಲ್ಲವೂ ಅಪ್ಪನ ಹೆಸರಿನಲ್ಲಿದ್ದವು. ಇನ್ನು ಮುಂದೆ ಈ ಮನೆಯಲ್ಲಿ ತಾನು ಯಾರು ಎಂಬುದೇ ಅವಳ ಪ್ರಶ್ನೆಯಾಗಿತ್ತು.

ಅಪ್ಪನಿಗೆ 84 ವರ್ಷ. ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರು; ತಿಪಟೂರು ಸೀಮೆಯಲ್ಲಿ ಎರಡು ಎಕರೆ ತೋಟ. ನಾವು ಎಡವಿದ ಕಡೆ ಇನ್ನೊಬ್ಬರು ಎಡವದಿರಲಿ ಎಂದು, ಯಾವುದರ ನಂತರ ಯಾವುದನ್ನು ಮಾಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ: ಹೆಸರು ಹೇಳುವವರು ಯಾರು?

ಸಾವು ಆಸ್ಪತ್ರೆಯಲ್ಲಿ ಆದರೆ ಅದನ್ನು ವರದಿ ಮಾಡುವ ಹೊಣೆ ಆಸ್ಪತ್ರೆಯದೇ. ಸಾವಿನ ಕಾರಣವನ್ನು ನಮೂನೆ 4ರಲ್ಲಿ ವೈದ್ಯರು ಬರೆದುಕೊಡುತ್ತಾರೆ. ಮನೆಯಲ್ಲಿ ಆದರೆ, ಅಷ್ಟು ದಿನ ನೋಡಿಕೊಳ್ಳುತ್ತಿದ್ದ ವೈದ್ಯರನ್ನು ಕರೆಸಿ ನಮೂನೆ 4ಎ ಬರೆಸಿಕೊಳ್ಳಿ. ಕಣ್ಣು ದಾನ ಮಾಡುವುದಿದ್ದರೆ ನೇತ್ರ ಬ್ಯಾಂಕಿಗೆ ತಕ್ಷಣ ತಿಳಿಸಬೇಕು. ಆರು ಗಂಟೆಯೊಳಗೆ ಆಗಬೇಕಾದ ಕೆಲಸ ಅದು. ವಯಸ್ಸು ಅಡ್ಡಿಯಲ್ಲ, ಪೊರೆ ತೆಗೆಸಿಕೊಂಡವರ ಕಣ್ಣನ್ನೂ ಸ್ವೀಕರಿಸುತ್ತಾರೆ. ಸತ್ತವರು ಬದುಕಿದ್ದಾಗ ಬರೆದುಕೊಟ್ಟಿದ್ದರೂ ಮನೆಯವರು ಒಪ್ಪದೆ ಯಾರೂ ಮುಟ್ಟುವುದಿಲ್ಲ.

ಆ ಗಡಿಬಿಡಿಯಲ್ಲಿ ಓಡಾಡುವವನು ಸಾಮಾನ್ಯವಾಗಿ ಮನೆಯ ಮಗನಲ್ಲ, ಯಾರೋ ಅಳಿಯನೋ ತಂಗಿಯ ಮಗನೋ ಆಗಿರುತ್ತಾನೆ. ನಮ್ಮಲ್ಲಿ ಹಾಗೆ ಓಡಾಡಿದ ಹುಡುಗ ಅಪ್ಪನನ್ನು ಊರಿನಲ್ಲಿ ಕರೆಯುತ್ತಿದ್ದ ಹೆಸರನ್ನೇ ಫಾರಮ್ಮಿನಲ್ಲಿ ಬರೆಸಿದ. ಮೊದಲೇ ಹೆಸರಿನ ಕೊನೆಗೆ ಆಧಾರ್‌ನಲ್ಲಿ ‘ಅಯ್ಯ’, ಪಹಣಿಯಲ್ಲಿ ‘ಅಪ್ಪ’, ಶಾಲೆಯ ಸೇವಾ ಪುಸ್ತಕದಲ್ಲಿ ಎರಡೂ ಇಲ್ಲದೆ ಬರೀ ಇನಿಷಿಯಲ್. ಅದರ ಮೇಲೆ ಇದು ನಾಲ್ಕನೆಯ ಹೆಸರು. ಎಲ್ಲ ಹೆಸರೂ ಒಬ್ಬ ವ್ಯಕ್ತಿಯವೇ ಎಂದು ಅಫಿಡವಿಟ್ ಮಾಡಿಸಿ, ನೋಂದಣಿಯಲ್ಲಿ ತಿದ್ದಿಸುವ ಹೊತ್ತಿಗೆ ಎರಡು ತಿಂಗಳು ಹೋದವು. ಅದಕ್ಕೇ ಹೇಳುತ್ತೇನೆ: ಆಧಾರ್ ಕಾರ್ಡಿನ ಜೆರಾಕ್ಸ್ ಒಂದನ್ನು ಓಡಾಡುವವನ ಜೇಬಿಗೆ ಹಾಕಿ, ಬಾಯಿಂದ ಹೆಸರು ಹೇಳಬೇಡ ಎನ್ನಿ. ಸ್ಮಶಾನದಲ್ಲಿ ರಸೀದಿ ಕೊಟ್ಟರೆ ಅದನ್ನೂ ಜೋಪಾನವಾಗಿ ಇಡಿ.

21 ದಿನದೊಳಗೆ ಮರಣ ನೋಂದಣಿ

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವಿಲ್ಲ. 30 ದಿನದವರೆಗೆ ತಡವಾದರೆ ದಂಡ ಶುಲ್ಕ ಕಟ್ಟಿದರೆ ಆಯಿತು. ಅದರಾಚೆ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿತೋ, ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದು ಅಲೆದಾಟದ ದಾರಿ. ಪಟ್ಟಣದಲ್ಲಿ ನಗರಸಭೆ ಅಥವಾ ಪಾಲಿಕೆಯ ಕಚೇರಿಯಲ್ಲಿ ವಿಚಾರಿಸಿ. ಹಳ್ಳಿಯಲ್ಲಿ ಗ್ರಾಮ ಆಡಳಿತ ಅಧಿಕಾರಿಯನ್ನು (ನಮ್ಮ ಕಡೆ ಈಗಲೂ ಶಾನುಭೋಗರೆಂದೇ ಕರೆಯುತ್ತಾರೆ) ಇಲ್ಲವೇ ಗ್ರಾಮ ಪಂಚಾಯಿತಿಯನ್ನು ಕೇಳಿ. ಮರಣ ಪ್ರಮಾಣಪತ್ರದ ಪ್ರತಿಗಳನ್ನು ಒಂದೇ ಸಲ ಹತ್ತು ತೆಗೆದುಕೊಳ್ಳಿ. ಮುದ್ರಿಸುವ ಮುಂಚೆ ಹೆಸರು, ತಂದೆಯ ಹೆಸರು, ಸತ್ತ ದಿನಾಂಕ, ಜಾಗ ಇವನ್ನು ಕಂಪ್ಯೂಟರಿನ ಪರದೆಯ ಮೇಲೆ ನೀವೇ ಓದಿ. ಓದಿದ್ದೀರಿ ಎಂದುಕೊಂಡು ಇನ್ನೊಮ್ಮೆ ಓದಿ.

ಫೋನ್ ಆಫ್ ಮಾಡಬೇಡಿ, ಎಟಿಎಂ ಮುಟ್ಟಬೇಡಿ

ಅಪ್ಪನ ಮೊಬೈಲಿನಲ್ಲಿ ಬೆಳಗ್ಗೆ 5.10ಕ್ಕೆ ಅಲಾರಂ ಇತ್ತು, ಥೈರಾಯ್ಡ್ ಮಾತ್ರೆಗೆ ಇಟ್ಟುಕೊಂಡದ್ದು. ಅವರು ಹೋದ ಮಾರನೆಯ ದಿನವೂ ಅದು ಸರಿಯಾಗಿ ಹೊಡೆದುಕೊಂಡಿತು. ಅಕ್ಕ ತಡೆಯಲಾರದೆ ಸಿಮ್ ತೆಗೆದಿಡಲು ಹೋದಳು. ಅಲಾರಂ ತೆಗೆಯಿರಿ, ಸಿಮ್ ಮಾತ್ರ ಇರಲಿ. ಬ್ಯಾಂಕು, ಎಲ್‌ಐಸಿ, ಗ್ಯಾಸ್ ಎಲ್ಲದರ ಒಟಿಪಿ, ಸಂದೇಶ ಬರುವುದು ಆ ನಂಬರಿಗೇ. ಯಾರಿಗೆ ಏನು ಕೊಡಬೇಕು, ಯಾವ ವಿಮೆಯ ಕಂತು ಯಾವ ತಾರೀಕಿಗೆ ಎಂಬುದು ತಿಳಿಯುವುದೂ ಅದರಿಂದಲೇ. ಆರು ತಿಂಗಳು ಸಣ್ಣದೊಂದು ರೀಚಾರ್ಜ್ ಮಾಡಿಸುತ್ತಾ ಇರಿ.

ಎಟಿಎಂ ಕಾರ್ಡಿನ ವಿಷಯ ಬೇರೆ. ತಿಥಿಯ ಖರ್ಚಿಗೆಂದು ಅಣ್ಣ ಅಪ್ಪನ ಕಾರ್ಡಿನಿಂದ 20 ಸಾವಿರ ತೆಗೆದ. ಮನೆಯ ದುಡ್ಡು, ಮನೆಯ ಕೆಲಸ, ತಪ್ಪೇನು ಎನ್ನಿಸುವುದು ಸಹಜ. ಆದರೆ ಖಾತೆದಾರ ಸತ್ತ ಕ್ಷಣದಿಂದ ಆ ದುಡ್ಡು ಎಲ್ಲ ವಾರಸುದಾರರದ್ದು. ಸತ್ತ ದಿನಾಂಕದ ನಂತರ ಹಣ ತೆಗೆದದ್ದು ಕಂಡರೆ ಬ್ಯಾಂಕು ಕೇಳುತ್ತದೆ, ನಾಳೆ ಮನಸ್ತಾಪ ಬಂದರೆ ಅಕ್ಕನೂ ಕೇಳಬಹುದು. ನಾವು ಆ ದುಡ್ಡನ್ನು ಲೆಕ್ಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿದೆವು. ಖರ್ಚು ಯಾರ ಕೈಯಿಂದ ಆಯಿತೋ ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ, ಹೂವಿನವನಿಗೆ ಕೊಟ್ಟದ್ದರಿಂದ ಹಿಡಿದು.

ಹದಿಮೂರನೆಯ ದಿನ ಸಹಿ ಬೇಡ

ಕೆಲವರಲ್ಲಿ ವೈಕುಂಠ ಸಮಾರಾಧನೆ, ಕೆಲವರಲ್ಲಿ ಶಿವಗಣಾರಾಧನೆ, ತುಳುನಾಡಿನಲ್ಲಿ ಬೊಜ್ಜ. ಹೆಸರು, ದಿನ ಯಾವುದಾದರೂ ಆಗಲಿ, ದೂರದ ಮಕ್ಕಳೆಲ್ಲ ಒಟ್ಟಿಗೆ ಸಿಗುವುದು ಅಂದೇ. ಊಟ ಮುಗಿದು ಎಲೆ ತೆಗೆದ ಮೇಲೆ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು ‘ಎಲ್ಲ ಇದ್ದೀರಿ, ಈಗಲೇ ಮುಗಿಸಿಬಿಡಿ’ ಎನ್ನುತ್ತಾರೆ. ಮುಗಿಸುವುದು ಎಂದರೆ ಹೆಣ್ಣುಮಕ್ಕಳಿಂದ ಸಹಿ ಹಾಕಿಸಿಕೊಳ್ಳುವುದು ಎಂದೇ ಅರ್ಥ. ಅತ್ತು ಕೆಂಪಾದ ಕಣ್ಣಿನಲ್ಲಿ ಯಾರೂ ಛಾಪಾ ಕಾಗದ ಓದುವುದಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಕೆಟ್ಟ ಪದ್ಧತಿ ಇನ್ನೊಂದಿಲ್ಲ. ಅದರಿಂದ ಪ್ರಯೋಜನವೂ ಇಲ್ಲ: ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆದರೆ ಮಾತ್ರ ನಿಲ್ಲುತ್ತದೆ.

ಕಾನೂನು ಹೇಳುವುದು ಇಷ್ಟು. ಅಪ್ಪ ತಾನೇ ಸಂಪಾದಿಸಿದ ಆಸ್ತಿ, ಉಯಿಲು ಬರೆದಿಲ್ಲ ಎಂದಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಸತ್ತವರ ತಾಯಿ ಬದುಕಿದ್ದರೆ ಅವರೂ ಸಮಪಾಲುದಾರರು. ಮೊದಲೇ ತೀರಿಹೋದ ಮಗನಿದ್ದರೆ ಅವನ ಪಾಲು ಅವನ ಹೆಂಡತಿ, ಮಕ್ಕಳಿಗೆ. ನಮ್ಮಲ್ಲಿ ಅಮ್ಮ, ಅಣ್ಣ, ಅಕ್ಕ, ನಾನು. ಹಾಗಾಗಿ ಅಪ್ಪ ಕಟ್ಟಿಸಿದ ಮನೆಯಲ್ಲಿ ನಾಲ್ಕು ಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಬಂದದ್ದು 2005ರ ಸೆಪ್ಟೆಂಬರ್ 9ರ ತಿದ್ದುಪಡಿಯಿಂದ. ಆ ದಿನ ಅಪ್ಪ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕ್ರಮಬದ್ಧವಾಗಿ ಪಾಲಾಗಿದ್ದರೆ ಅದನ್ನು ಈಗ ಕೆದಕಲಾಗದು. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ನಿಯಮಗಳಿವೆ. ಉಯಿಲು ಇದ್ದರೆ ಅದು ನೋಂದಣಿ ಆಗಿರಲೇಬೇಕೆಂದಿಲ್ಲ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು.

ಆ ದಿನ ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಒಂದಿದೆ: ಟ್ರಂಕು ತೆರೆಯುವುದು. ನಮ್ಮ ಅಪ್ಪನ ಟ್ರಂಕಿನಲ್ಲಿ ಕಂದಾಯದ ರಸೀದಿಗಳನ್ನು ವರ್ಷವಾರು ಪೋಣಿಸಿದ ತಂತಿ, ಸೈಕಲ್ ಟ್ಯೂಬಿನ ರಬ್ಬರ್ ಹಾಕಿ ಕಟ್ಟಿದ ಠೇವಣಿ ರಸೀದಿಗಳು, ಎರಡು ಎಲ್‌ಐಸಿ ಬಾಂಡು, ಸಹಕಾರ ಸಂಘದ ಷೇರು ಪತ್ರ, ಜೊತೆಗೆ ನಾನು ನಾಲ್ಕನೆಯ ತರಗತಿಯಲ್ಲಿ ಬರೆದ ಕಾಪಿ ಪುಸ್ತಕ ಸಿಕ್ಕವು. ಎಲ್ಲರೆದುರು ಒಂದೊಂದನ್ನೇ ತೆಗೆದು ಪಟ್ಟಿ ಬರೆಯಿರಿ, ಮೊಬೈಲಿನಲ್ಲಿ ಫೋಟೊ ತೆಗೆದು ಎಲ್ಲರಿಗೂ ಕಳಿಸಿ. ಮೂಲ ಕಾಗದ ಅಮ್ಮನ ಬೀರುವಿನಲ್ಲಿರಲಿ, ಕೀಲಿ ಅವಳ ಸೆರಗಿನಲ್ಲಿ. ‘ಅಣ್ಣ ಏನನ್ನೋ ಮುಚ್ಚಿಟ್ಟ’ ಎಂಬ ಮಾತು ಮುಂದೆ ಎಂದೂ ಹುಟ್ಟಬಾರದು ಎಂದಿದ್ದರೆ ಇದೊಂದೇ ದಾರಿ.

ಅಮ್ಮನ ಪಿಂಚಣಿ, ಅಮ್ಮನ ಖಾತೆ

ಎಲ್ಲ ಅರ್ಜಿಗಳಿಗಿಂತ ಮೊದಲ ಅರ್ಜಿ ಇದು. ಅಪ್ಪ ಸರ್ಕಾರಿ ನೌಕರಿಯಲ್ಲಿದ್ದರೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ರಾಜ್ಯ ಸರ್ಕಾರದ್ದಾದರೆ ಸಾಮಾನ್ಯವಾಗಿ ಕೊನೆಯ ಮೂಲ ವೇತನದ ಶೇ 30, ಅದರ ಮೇಲೆ ತುಟ್ಟಿಭತ್ಯೆ. ಪಿಂಚಣಿ ಪಾವತಿ ಆದೇಶದಲ್ಲಿ ಅವಳ ಹೆಸರು, ಇಬ್ಬರ ಜಂಟಿ ಫೋಟೊ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಸಾವಿನ ಸುದ್ದಿಯನ್ನು ಬ್ಯಾಂಕಿಗೆ ತಡಮಾಡದೆ ತಿಳಿಸಿ. ಸತ್ತ ದಿನದ ನಂತರದ ಅವಧಿಗೆ ಜಮೆಯಾದ ಪಿಂಚಣಿಯನ್ನು ವಾಪಸು ಕತ್ತರಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಖರ್ಚು ಮಾಡಿದ್ದರೆ ಫಜೀತಿ. ಅಪ್ಪ ಖಾಸಗಿ ಕಾರ್ಖಾನೆಯಲ್ಲಿದ್ದು ಭವಿಷ್ಯನಿಧಿಯ ಪಿಂಚಣಿ ಪಡೆಯುತ್ತಿದ್ದರೆ ವಿಧವೆಗೆ ಅದರಲ್ಲೂ ಹಕ್ಕಿದೆ. ಯಾವುದೂ ಇಲ್ಲದ ಬಡ ಕುಟುಂಬವಾದರೆ ನಾಡಕಚೇರಿಯಲ್ಲಿ ವಿಧವಾ ವೇತನಕ್ಕೆ ಅರ್ಜಿ ಕೊಡಿ.

ನಮಗೆ ತೊಡಕಾದದ್ದು ಅಮ್ಮನ ಸಹಿ. ಐದು ಕಡೆ ಐದು ಥರ. ಕೌಂಟರಿನ ಹುಡುಗ ಮೂರು ಸಲ ವಾಪಸು ಕಳಿಸಿದ. ನಾಲ್ಕನೆಯ ದಿನ ಅವಳು ಅಡುಗೆಮನೆಯಲ್ಲಿ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಪುಟಗಟ್ಟಲೆ ತನ್ನ ಹೆಸರು ಬರೆದು ಅಭ್ಯಾಸ ಮಾಡುತ್ತಿದ್ದಳು. ಕೈ ನಡುಗುವವರಿಗೆ ಹೆಬ್ಬೆಟ್ಟು ಒತ್ತುವುದು ಅವಮಾನವಲ್ಲ, ಬ್ಯಾಂಕಿನ ನಿಯಮದಲ್ಲಿ ಅದಕ್ಕೆ ಅವಕಾಶವಿದೆ ಎಂದು ಮೊದಲೇ ಹೇಳಿಬಿಡಿ.

ನಾಮಿನಿ ಎಂದರೆ ಮಾಲೀಕ ಅಲ್ಲ

ಇಬ್ಬರಲ್ಲಿ ಉಳಿದವರಿಗೆ ಎಂಬ ಷರತ್ತಿನ ಜಂಟಿ ಖಾತೆಯಾದರೆ ಮರಣ ಪ್ರಮಾಣಪತ್ರ ಸಾಕು. ನಾಮಿನಿ ಇದ್ದರೂ ಸುಲಭ. ದಾಖಲೆ ಎಲ್ಲ ಕೊಟ್ಟ 15 ದಿನದೊಳಗೆ ಬ್ಯಾಂಕು ಇತ್ಯರ್ಥ ಮಾಡಬೇಕೆಂಬುದು ರಿಸರ್ವ್ ಬ್ಯಾಂಕ್ ನಿಯಮ. ಆದರೆ ನಾಮಿನಿ ಹಣ ಕೈಗೆ ತೆಗೆದುಕೊಳ್ಳುವವನು ಅಷ್ಟೆ, ಅದು ಸೇರಬೇಕಾದದ್ದು ವಾರಸುದಾರರಿಗೆ. ಠೇವಣಿ ದೊಡ್ಡದಿದ್ದು ನಾಮಿನಿಯೇ ಇಲ್ಲದಿದ್ದರೆ ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾದೀತು. ಹಳೆಯ, ಮರೆತ ಠೇವಣಿ ಎಲ್ಲಾದರೂ ಇದೆಯೇ ಎಂದು ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣದಲ್ಲಿ ಹುಡುಕಬಹುದು. ಸಾಲದ ನೋಟಿಸು ಬಂದರೆ ಗಾಬರಿ ಬೀಳಬೇಡಿ: ಅಪ್ಪನಿಂದ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಮಕ್ಕಳು ಹೊಣೆ. ಜಾಮೀನು ಹಾಕಿದ್ದರೆ ಮಾತ್ರ ಬೇರೆ ಲೆಕ್ಕ.

ಪೌತಿ ಖಾತೆ

ಜಮೀನಿಗೆ ಮೊದಲು ಬೇಕಾದದ್ದು ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸ್ಥಳದಲ್ಲಿ ವಿಚಾರಣೆ ನಡೆಸಿ ಕೊಡುತ್ತಾರೆ. ಇದರಲ್ಲಿ ಮದುವೆಯಾದ ಹೆಣ್ಣುಮಕ್ಕಳ ಹೆಸರು ಬಿಡುವ ಚಾಳಿ ಇನ್ನೂ ಇದೆ. ಬಿಟ್ಟವರು ಸುಳ್ಳು ಪ್ರಮಾಣ ಮಾಡಿದ ಹಾಗಾಯಿತು, ಇಪ್ಪತ್ತು ವರ್ಷದ ನಂತರವೂ ಆ ಖಾತೆ ಬಿದ್ದುಹೋಗಬಹುದು. ವಂಶವೃಕ್ಷ, ಮರಣ ಪ್ರಮಾಣಪತ್ರ, ಪಹಣಿ ಸೇರಿಸಿ ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಅರ್ಜಿ ಹಾಕಿ. ತಕರಾರಿಗೆ ಅವಕಾಶ ಕೊಟ್ಟು, ಯಾರೂ ಬರದಿದ್ದರೆ ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಪಹಣಿ ಬರುತ್ತದೆ. ಜಂಟಿಯಾಗಿಯೇ ಇರಲಿ, ಅವಸರವೇನು? ಪಹಣಿ ಕಂದಾಯದ ದಾಖಲೆ ಅಷ್ಟೇ, ಹೆಸರು ಬಂದ ಮಾತ್ರಕ್ಕೆ ಯಾರ ಪಾಲೂ ಹೆಚ್ಚು ಕಡಿಮೆ ಆಗುವುದಿಲ್ಲ. ಮುಂದೆ ಪಾಲು ಮಾಡಿಕೊಳ್ಳುವುದಾದರೆ 11ಇ ನಕ್ಷೆ (ಜಮೀನು ಅಳೆದು ಪಾಲು ಗುರುತಿಸುವ ಸರ್ವೆ ನಕ್ಷೆ) ಮಾಡಿಸಿ ವಿಭಾಗ ಪತ್ರ ನೋಂದಾಯಿಸಬೇಕು. ಹಳ್ಳಿಯ ಮನೆಗೆ ಇ-ಸ್ವತ್ತು, ಪಟ್ಟಣದ ಮನೆಗೆ ಇ-ಖಾತಾ ಬದಲಾವಣೆ.

ಮನೆಯ ಖಾತೆಗೆ ಅಮ್ಮನ ಹೆಸರು ಮೊದಲು ಬರಲಿ ಎಂದು ಮೂವರೂ ಒಪ್ಪಿದೆವು. ಅವಳು ತನ್ನ ಪಾಲನ್ನು ಯಾರಿಗಾದರೂ ದಾನ ಕೊಡುತ್ತೇನೆ ಎಂದರೆ ವರ್ಷದ ತಿಥಿಯಾದರೂ ಕಳೆಯಲಿ ಎನ್ನಿ. ಆಮೇಲೂ ಕೊಡುವುದಾದರೆ, ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅದನ್ನು ರದ್ದು ಮಾಡಿಸಬಹುದು.

ಉಳಿದ ಚಿಲ್ಲರೆ ಕೆಲಸಗಳು

ಪಡಿತರ ಚೀಟಿಯಿಂದ ಹೆಸರು ತೆಗೆಸುವುದು, ಆಧಾರ್ ಜಾಲತಾಣದಲ್ಲಿ ಸಾವಿನ ಮಾಹಿತಿ ಕೊಡುವುದು, ಗ್ಯಾಸ್ ಸಂಪರ್ಕ ವರ್ಗಾಯಿಸುವುದು. ಅಪ್ಪ ಆದಾಯ ತೆರಿಗೆ ಕಟ್ಟುತ್ತಿದ್ದರೆ ಸತ್ತ ದಿನದವರೆಗಿನ ಲೆಕ್ಕವನ್ನು ವಾರಸುದಾರರೊಬ್ಬರು ಸಲ್ಲಿಸಬೇಕು. ಪ್ಯಾನ್ ಹಿಂದಿರುಗಿಸುವುದು ಅದಾದ ಮೇಲೆ.

ಕರೆಂಟ್ ಸಂಪರ್ಕ ಬದಲಾಯಿಸುವ ಅರ್ಜಿಗೆ ಅಮ್ಮ ತಾನೇ ಸಹಿ ಹಾಕಿದಳು, ಅಭ್ಯಾಸ ಮಾಡಿದ ಸಹಿ. ಮೂರನೆಯ ತಿಂಗಳ ಬಿಲ್ಲು ಅವಳ ಹೆಸರಿನಲ್ಲಿ ಬಂತು. ಕನ್ನಡಕ ಹಾಕಿಕೊಂಡು ಓದಿ, ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ನನಗೆ ಫೋನ್ ಮಾಡಿದಳು. ತಿದ್ದಿಸಲು ಮತ್ತೆ ಅರ್ಜಿ ಕೊಟ್ಟಿದ್ದೇವೆ.