ಮಳೆ ಡೈರಿ ಓದಿಸಿದ ನನ್ನ ಅನುಭವ

ಬಂದ ಜನರೇ ಸೇರಿ ನಡೆಸುವ ಪ್ರದರ್ಶನ ಕಲೆ ನನ್ನದು. ಮಾರೋದಕ್ಕೆ ಏನೂ ಉಳಿಯದ ಕೆಲಸ ಯಾಕೆ ಮಾಡ್ತೀಯ ಅಂತ ಚಿತ್ರ ಬರೆಯುವ ಗೆಳೆಯರು ನಾಲ್ಕು ವರ್ಷ ಕೇಳಿದರು. ಈ ಏಪ್ರಿಲ್‌ನಲ್ಲಿ ಕೊಡಗಿನ ಪೊನ್ನಂಪೇಟೆ ಕಡೆಯ ಒಂದು ಕಾಫಿ ಕಣದಲ್ಲಿ ಸುಮಾರು 60 ಜನ ಎರಡು ಗಂಟೆ ಕೂತರು. ಒಬ್ಬರೂ ಎದ್ದು ಹೋಗಲಿಲ್ಲ.

ನಮ್ಮ ತೋಟದವರು ಮಳೆ ಅಳೆದು ಬರೆದಿಡುತ್ತಾರೆ. ಇಬ್ಬರು ಸಿಕ್ಕರೆ 'ನಿಮ್ಮಲ್ಲಿ ಎಷ್ಟು ಸೆಂಟ್?' ಅನ್ನೋದೇ ಮೊದಲ ಮಾತು. 100 ಸೆಂಟ್ ಅಂದರೆ ಒಂದು ಇಂಚು. ನನ್ನ ಕೆಲಸದಲ್ಲಿ ಜನ ಆ ಡೈರಿಯನ್ನು ಗಟ್ಟಿಯಾಗಿ ಓದಿ, ಇಂಚಿಗೆ ಒಂದು ಲೋಟದಂತೆ ಹಂಡೆಗೆ ನೀರು ಸುರಿಯುತ್ತಾರೆ.

ಮೊದಲ ಸಲ ಮಡಿಕೇರಿಯಲ್ಲಿ ಹಾಲ್ ಹಿಡಿದೆ. ನೋಡಲು ಬಂದವರನ್ನೇ ಪ್ರದರ್ಶನದಲ್ಲಿ ಸೇರಿಸಿಕೊಂಡ ಅಮೆರಿಕದ ಕಲಾವಿದ ಅಲನ್ ಕ್ಯಾಪ್ರೋ 1959ರಲ್ಲಿ ನ್ಯೂಯಾರ್ಕ್‌ನಲ್ಲಿ ಬಂದವರ ಕೈಗೆ ಸೂಚನೆಯ ಕಾರ್ಡ್ ಕೊಟ್ಟಿದ್ದರು, ಹಾಗೇ ನಾನೂ ಅಚ್ಚು ಹಾಕಿಸಿದೆ. ಬಾಡಿಗೆ, ಮೈಕು, ಅಚ್ಚು ಸೇರಿ 18 ಸಾವಿರ ಹೋಯಿತು. ಬಂದವರು 11 ಜನ. ಕಾರ್ಡನ್ನು ಮದುವೆ ಕಾಗದದ ಹಾಗೆ ಹಿಡಿದು, ಕಾರ್ಯಕ್ರಮ ಯಾವಾಗ ಶುರು ಅಂತ ಕೇಳಿದರು. ಎರಡನೆಯ ಸಲ ಜುಲೈನಲ್ಲಿ ಶೀಟಿನ ಮಾಡಿನ ಕೆಳಗೆ ಮಾಡಿದೆ. ಮಳೆಯ ಸದ್ದಿಗೆ ಓದಿದ್ದು ಯಾರಿಗೂ ಕೇಳಲಿಲ್ಲ. ಮತ್ತೆ ಏಳೆಂಟು ಸಾವಿರ.

ಆಮೇಲೆ ಮೈಕು ಬಿಟ್ಟೆ, ಕುರ್ಚಿ ಬಿಟ್ಟೆ, 'ಕಲೆ' ಅನ್ನೋ ಮಾತೂ ಬಿಟ್ಟೆ. ಎರಡು ತಿಂಗಳು ಮನೆ ಮನೆಗೆ ಹೋಗಿ, ಡೈರಿ ತೋರಿಸಿ ಅಂತ ಮಾತ್ರ ಕೇಳಿದೆ. ಪೆಟ್ರೋಲಿಗೆ 4 ಸಾವಿರ, ಕಾಫಿ ತಿಂಡಿಗೆ 5 ಸಾವಿರ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಗುಡುಗಿನ ಭಯ ಇರುತ್ತದೆ, ಹಾಗಾಗಿ ಕಣದಲ್ಲಿನ ಓದನ್ನು ಬೆಳಿಗ್ಗೆಯೇ ಇಟ್ಟುಕೊಂಡೆ. ಮೊದಲು ಯಾರು ಓದಬೇಕು ಅನ್ನೋದರಲ್ಲೇ ಅರ್ಧ ಕೆಲಸ ಇದೆ. ಅವರನ್ನು ಹೇಗೆ ಆರಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ, ಅಂದರೆ ಹೂಮಳೆಯ ಪುಟಗಳಿಗೆ ಎಲ್ಲರೂ ನಕ್ಕು ಮಾತಾಡಿದರು. ಕೊಡಗಿನಲ್ಲಿ ವಿಪರೀತ ಮಳೆ ಸುರಿದ 2018ರ ಆಗಸ್ಟ್‌ನ ಪುಟ ಬಂದಾಗ ಲೋಟ ಸಾಲದೆ ಒಬ್ಬರು ಕೊಡವನ್ನೇ ಎತ್ತಿದರು. ಹಂಡೆ ತುಂಬಿ ಕಣದ ಮೇಲೆ ಹರಿಯಿತು. ಗುಡ್ಡ ಕುಸಿದ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ ಏನೂ ಓದಲಿಲ್ಲ, ಸುಮ್ನೆ ನೀರು ಸುರಿದರು. ಅವರ ಡೈರಿ ಮನೆಯ ಜೊತೆಗೇ ಮಣ್ಣಿನಡಿ ಹೋಗಿದೆ.

ಇನ್ನೊಂದು ಪ್ರಯೋಗ ಅಲ್ಲೇ ಹುಟ್ಟಿತು. ತೋಟದ ಕೂಲಿಯವರು ಇರುವ ಲೈನ್ ಮನೆಯ ಹೆಂಗಸರು, "ನಮ್ಮ ಹತ್ರ ಡೈರಿ ಇಲ್ಲ ಅಣ್ಣ, ಮಳೆಗೆ ಕೂಲಿ ತಪ್ಪಿದ ದಿನ ಮಾತ್ರ ನೆನಪಿದೆ" ಅಂದರು. ತಪ್ಪಿದ ದಿನಕ್ಕೊಂದು ಲೋಟ ಅಂತ ಬೇರೆ ಹಂಡೆ ಇಟ್ಟೆ. ಅದೂ ತುಂಬಿತು. ತೋಟದ ಯಜಮಾನರು ಅದನ್ನು ತುಂಬಾ ಹೊತ್ತು ನೋಡುತ್ತಾ ನಿಂತರು. ಓದಿದ್ದನ್ನು ರೆಕಾರ್ಡ್ ಮಾಡಿ ಕೇಳಿಸಿಯೂ ನೋಡಿದೆ. ಜನ ಓದೋದು ಬಿಟ್ಟು ತಮ್ಮ ಧ್ವನಿ ಹುಡುಕತೊಡಗಿದರು, ನಿಲ್ಲಿಸಿದೆ.

ಎರಡೂ ಹಂಡೆಯ ನೀರನ್ನು ಸಂಜೆ ಮೆಣಸಿನ ಬಳ್ಳಿಗೆ ಹಾಕಿದೆವು. ಮುಂದಿನ ವರ್ಷ ನಮ್ಮ ಕಣದಲ್ಲಿ ಮಾಡಿ, ಊಟ ನಮ್ಮದು ಅಂತ ಪಕ್ಕದ ತೋಟದವರು ಹೇಳಿದ್ದಾರೆ.