ಚಿಕ್ಕ ಕಾರಿನ ಚಕ್ರ ಜಾರಿದಾಗ ಕಾರು ಏನು ಮಾಡುತ್ತದೆ, ನೀವೇನು ಮಾಡಬೇಕು?

ಡಿಸೆಂಬರ್ ಬಂತೆಂದರೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆ ಎಷ್ಟೋ ಹಳ್ಳಿಗಳ ರಸ್ತೆಯೇ ಕಣ. ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹರಡಿರುತ್ತಾರೆ, ಓಡಾಡುವ ವಾಹನಗಳಿಂದಲೇ ಒಕ್ಕಣೆ. ತಿರುವಿನಲ್ಲಿ ಆ ಹುಲ್ಲಿನ ಮೇಲೆ ಬ್ರೇಕ್ ಒತ್ತಿದರೆ ಟೈರಿಗೆ ನೆಲವೇ ಸಿಗುವುದಿಲ್ಲ. ಮಂಜು ಸುರಿದ ಬೆಳಗ್ಗೆ ನಂದಿ ಬೆಟ್ಟದ ತಿರುವುಗಳು, ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ದಿನದ ಹೈದರಾಬಾದ್ ಹೆದ್ದಾರಿ, ಕೆರೆ ಮಣ್ಣು ತುಂಬಿದ ಟ್ರ್ಯಾಕ್ಟರ್ ಓಡಾಡಿದ ದಾರಿ, ಎಲ್ಲ ಕಡೆಯೂ ಇದೇ ಕಥೆ.

ಇಂಥ ಜಾಗದಲ್ಲಿ ಕೈ ಹಿಡಿಯುವ ಎರಡು ವ್ಯವಸ್ಥೆಗಳು ಈಗ ಚಿಕ್ಕ ಕಾರುಗಳಿಗೂ ಬಂದಿವೆ: ಚಕ್ರ ಸುಮ್ನೆ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಮತ್ತು ಕಾರೇ ಜಾರಿ ದಾರಿ ತಪ್ಪದಂತೆ ನೋಡುವ ಸ್ಟೆಬಿಲಿಟಿ ಕಂಟ್ರೋಲ್. ಷೋರೂಮಿಗೆ ಹೋದವರು ಏರ್‌ಬ್ಯಾಗ್ ಎಷ್ಟಿದೆ ಎಂದು ಕೇಳುತ್ತಾರೆ, ಇದನ್ನು ಕೇಳುವವರು ಕಡಿಮೆ. ಏರ್‌ಬ್ಯಾಗಿನ ಕೆಲಸ ಶುರುವಾಗುವುದು ಕಾರು ಗುದ್ದಿದ ಮೇಲೆ. ಗುದ್ದುವುದನ್ನೇ ತಪ್ಪಿಸಲು ನೋಡುವುದು ಇದು. ಹಾಗಾಗಿ ನಾನಂತೂ ಮೊದಲು ಕೇಳಬೇಕಾದ್ದು ಇದನ್ನೇ ಎನ್ನುತ್ತೇನೆ.

ಮೊದಲು, ನಿಮ್ಮ ಕಾರಿನಲ್ಲಿ ಇದೆಯಾ ನೋಡಿ

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಮೀಟರಿನಲ್ಲಿ ಹಳದಿ ಬಣ್ಣದ ಪುಟ್ಟ ಕಾರು, ಅದರ ಕೆಳಗೆ ಅಂಕುಡೊಂಕಾದ ಎರಡು ಗೆರೆ ಕಾಣಬೇಕು. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೆ ಅದು ಆರಬೇಕು. ಹೆಸರು ಮಾತ್ರ ಕಂಪನಿಗೊಂದು. ಮಾರುತಿಯವರು ಇಎಸ್‌ಪಿ ಎನ್ನುತ್ತಾರೆ, ಹುಂಡೈಯವರು ಇಎಸ್‌ಸಿ, ಟೊಯೊಟಾದವರು ವಿಎಸ್‌ಸಿ, ಹೋಂಡಾದವರು ವಿಎಸ್‌ಎ. ಕೆಲಸ ಒಂದೇ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇದೆ, ಅಷ್ಟಕ್ಕೇ ಇದೂ ಇರುತ್ತದೆ ಎಂದುಕೊಳ್ಳಬೇಡಿ. ಎಬಿಎಸ್ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ 2019ರಲ್ಲೇ ಕಡ್ಡಾಯವಾಯಿತು. ಸ್ಟೆಬಿಲಿಟಿ ಕಂಟ್ರೋಲ್ ಆಲ್ಟೊ ಕೆ10ನಂಥ ಕಾರಿನ ಎಲ್ಲ ವೇರಿಯಂಟಿಗೂ ಬಂದಿದ್ದು 2024ರಲ್ಲಿ.

ಬಾಷ್ ಕಂಪನಿ ಮತ್ತು ಮರ್ಸಿಡಿಸ್ ಸೇರಿ ಇದನ್ನು 1995ರಲ್ಲಿ ದುಬಾರಿ ಕಾರಿಗೆ ಹಾಕಿ ಮಾರುಕಟ್ಟೆಗೆ ತಂದವು. ಚಿಕ್ಕ ಕಾರಿಗೆ ಬಂದ ದಾರಿ ಬೇರೆ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಮರ್ಸಿಡಿಸ್ಸಿನ ಪುಟ್ಟ ಎ-ಕ್ಲಾಸ್ ಕಾರನ್ನು ಪರೀಕ್ಷೆ ಮಾಡಿತು. ರಸ್ತೆಗೆ ಏನೋ ಅಡ್ಡ ಬಂದ ಹಾಗೆ ಸ್ಟೀರಿಂಗನ್ನು ಸರಕ್ಕನೆ ಆ ಕಡೆ, ಈ ಕಡೆ ತಿರುಗಿಸುವ ಪರೀಕ್ಷೆ. ಕಾರು ಪಲ್ಟಿ ಹೊಡೆಯಿತು. ಆಮೇಲೆ ಕಂಪನಿ ಎಲ್ಲ ಎ-ಕ್ಲಾಸ್ ಕಾರುಗಳಿಗೂ ಇದನ್ನು ಹಾಕಿಕೊಟ್ಟಿತು.

ಚಕ್ರ ಸುಮ್ನೆ ಸುತ್ತುತ್ತಿದ್ದರೆ

ನಮ್ಮ ಚಿಕ್ಕ ಕಾರುಗಳಲ್ಲಿ ಬಹುಪಾಲು ಮುಂದಿನ ಎರಡು ಚಕ್ರಗಳಿಗೇ ಎಂಜಿನ್ ಶಕ್ತಿ ಹೋಗುವುದು. ನಡುವೆ ಡಿಫರೆನ್ಷಿಯಲ್ ಇರುತ್ತದೆ, ಅಂದರೆ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆ. ಒಂದು ಚಕ್ರ ಕೆಸರಿನಲ್ಲಿ, ಇನ್ನೊಂದು ಗಟ್ಟಿ ನೆಲದಲ್ಲಿ ಇದ್ದರೆ ಕೆಸರಿನ ಚಕ್ರ ಗಿರ್ರನೆ ಸುತ್ತುತ್ತದೆ, ಇನ್ನೊಂದು ಅಲುಗುವುದೇ ಇಲ್ಲ. ಎಳೆಯುವ ಬಲ ಎರಡೂ ಕಡೆ ಸಮ, ಜಾರುವ ಚಕ್ರ ಎಷ್ಟು ತಡೆದುಕೊಳ್ಳುತ್ತದೋ ಅಷ್ಟೇ ಬಲ ಗಟ್ಟಿ ನೆಲದ ಚಕ್ರಕ್ಕೂ ಸಿಗುತ್ತದೆ.

ನಾಲ್ಕೂ ಚಕ್ರಗಳ ಬಳಿ ವೇಗ ಅಳೆಯುವ ಸೆನ್ಸರ್ ಇದೆ. ಒಂದು ಚಕ್ರ ಉಳಿದವುಗಳಿಗಿಂತ ಜಾಸ್ತಿ ಸುತ್ತಿದ ಕೂಡಲೇ ಕಂಪ್ಯೂಟರ್ ಅದೊಂದಕ್ಕೇ ಬ್ರೇಕ್ ಹಾಕುತ್ತದೆ. ಬ್ರೇಕ್ ಬಿದ್ದರೆ ಆ ಕಡೆ ತಡೆ ಹುಟ್ಟಿತು, ಅಷ್ಟೇ ಬಲ ಆಚೆ ಕಡೆಯ ಚಕ್ರಕ್ಕೂ ಹೋಯಿತು. ಜೊತೆಗೆ ಎಂಜಿನ್ ಶಕ್ತಿಯನ್ನೂ ತಗ್ಗಿಸುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಎಂದರೆ ಇಷ್ಟೇ.

ನೀವು ಮಾಡಬೇಕಾದ್ದು: ಸ್ಟೀರಿಂಗ್ ನೇರ ಇಟ್ಟುಕೊಳ್ಳಿ, ಆಕ್ಸಿಲರೇಟರ್ ಮೇಲೆ ಕಾಲನ್ನು ಹಗುರವಾಗಿಡಿ. ಆದರೂ ಆಳದ ಕೆಸರು, ಮರಳಿನಲ್ಲಿ ಎಂಜಿನ್ ಉಸಿರು ಕಟ್ಟಿದ ಹಾಗೆ ಕುಗ್ಗಿ ಕಾರು ನಿಂತೇಬಿಡಬಹುದು. ಆಗ ಮಾತ್ರ ಟ್ರ್ಯಾಕ್ಷನ್ ಕಂಟ್ರೋಲಿನ ಆಫ್ ಬಟನ್ ಒತ್ತಿ, ನಿಧಾನಕ್ಕೆ ಕಾರನ್ನು ಹೊರಗೆ ತನ್ನಿ. ಡಾಂಬರು ಸಿಕ್ಕ ತಕ್ಷಣ ಮತ್ತೆ ಆನ್ ಮಾಡಿ. ಆ ಬಟನ್ ಇರುವುದು ಇದಕ್ಕೇ.

ಕಾರೇ ಜಾರಿದರೆ

ಸ್ಟೆಬಿಲಿಟಿ ಕಂಟ್ರೋಲ್‌ಗೆ ಚಕ್ರದ ವೇಗ ಸಾಲದು, ಇನ್ನೂ ಮೂರು ವಿಷಯ ಬೇಕು. ಸ್ಟೀರಿಂಗ್ ಎಷ್ಟು ತಿರುಗಿದೆ, ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ, ಪಕ್ಕಕ್ಕೆ ಎಷ್ಟು ಎಳೆತ ಬೀಳುತ್ತಿದೆ. ಸ್ಟೀರಿಂಗ್ ಹೇಳುವುದು ನೀವು ಎಲ್ಲಿಗೆ ಹೋಗಬೇಕೆಂದಿದ್ದೀರಿ ಎಂಬುದನ್ನು. ಕಾರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಉಳಿದ ಸೆನ್ಸರ್‌ಗಳು ಹೇಳುತ್ತವೆ. ಇವೆರಡನ್ನೂ ಕಂಪ್ಯೂಟರ್ ಸೆಕೆಂಡಿಗೆ ಸುಮಾರು 25 ಸಲ ಹೋಲಿಸಿ ನೋಡುತ್ತದೆ. ತಾಳೆಯಾಗದಿದ್ದರೆ ಒಂದು ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ತಿರುಗಿಸುತ್ತದೆ.

ಬ್ರೇಕ್ ಹಾಕಿ ಗಾಡಿ ತಿರುಗಿಸುವುದು ಟ್ರ್ಯಾಕ್ಟರ್ ಓಡಿಸುವವರಿಗೆ ಹೊಸದೇನಲ್ಲ. ಟ್ರ್ಯಾಕ್ಟರಿನಲ್ಲಿ ಎಡ, ಬಲ ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತದೆ. ಉಳುತ್ತಾ ಹೊಲದ ಅಂಚಿಗೆ ಬಂದಾಗ ಒಂದನ್ನೇ ಒತ್ತಿದರೆ ನಿಂತಲ್ಲೇ ತಿರುಗುತ್ತದೆ, ಅಲ್ವಾ? ಕಾರಿನಲ್ಲಿ ಆ ಕೆಲಸ ಕಂಪ್ಯೂಟರಿನದು, ನಾಲ್ಕು ಚಕ್ರಗಳಲ್ಲಿ ಯಾವುದಕ್ಕೆ ಬೇಕೋ ಅದಕ್ಕೆ.

ನಂದಿ ಬೆಟ್ಟ ಇಳಿಯುತ್ತಿದ್ದೀರಿ, ಬಲಕ್ಕೆ ತಿರುವು, ರಸ್ತೆ ಒದ್ದೆ ಎಂದುಕೊಳ್ಳಿ. ಸ್ಟೀರಿಂಗ್ ತಿರುಗಿಸಿದರೂ ಕಾರಿನ ಮೂತಿ ನೇರಕ್ಕೇ ಹೋಗುತ್ತಿದೆ. ಆಗ ಮುಖ್ಯವಾಗಿ ಒಳಗಡೆಯ ಹಿಂದಿನ ಚಕ್ರಕ್ಕೆ, ಅಂದರೆ ಬಲ ಹಿಂಚಕ್ರಕ್ಕೆ ಬ್ರೇಕ್ ಬಿದ್ದು ಮೂತಿ ಬಲಕ್ಕೆ ಬರುತ್ತದೆ. ಇನ್ನೊಂದು ಇದಕ್ಕಿಂತ ಅಪಾಯ: ಹಿಂಭಾಗ ಹೊರಗೆ ಜಾರಿ ಕಾರು ಗಿರಕಿ ಹೊಡೆಯಲು ಹೊರಡುತ್ತದೆ. ಆಗ ಹೊರಗಡೆಯ ಮುಂದಿನ ಚಕ್ರಕ್ಕೆ, ಅಂದರೆ ಎಡ ಮುಂಚಕ್ರಕ್ಕೆ ಬ್ರೇಕ್ ಬಿದ್ದು ಹಿಂಭಾಗ ಸಾಲಿಗೆ ಬರುತ್ತದೆ. ನೀವು ಪೆಡಲ್ ಮುಟ್ಟದಿದ್ದರೂ ಬ್ರೇಕ್ ಬೀಳುತ್ತದೆ, ಅದಕ್ಕೆ ಬೇರೆ ಪಂಪ್ ಇದೆ. ಕರಕರ ಸದ್ದಾಗಬಹುದು, ಪೆಡಲ್ ನಡುಗಬಹುದು, ಹಳದಿ ದೀಪ ಮಿಟುಕುತ್ತದೆ. ಗಾಬರಿಯಾಗಬೇಡಿ.

ನಿಮ್ಮ ಪಾಲಿನ ಕೆಲಸವೂ ಇದೆ. ನಿಮ್ಮ ಮನಸ್ಸು ಕಂಪ್ಯೂಟರಿಗೆ ತಿಳಿಯುವುದು ಸ್ಟೀರಿಂಗಿನಿಂದಲೇ. ಆದ್ದರಿಂದ ಹೋಗಬೇಕಾದ ಕಡೆಗೇ ಕಣ್ಣಿಡಿ, ಅತ್ತ ಕಡೆಗೇ ಸ್ಟೀರಿಂಗ್ ಹಿಡಿಯಿರಿ. ಹೆದರಿ ಸ್ಟೀರಿಂಗ್ ಬಿಟ್ಟುಬಿಟ್ಟರೆ, ಇಲ್ಲವೇ ಎದುರಿನ ತಡೆಗೋಡೆಯನ್ನೇ ನೋಡುತ್ತಾ ಅತ್ತ ತಿರುಗಿಸಿದರೆ, ಕಾರು ಅದನ್ನೇ ನಿಮ್ಮ ಆಸೆ ಎಂದು ತಿಳಿಯುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಬ್ರೇಕ್ ಬೇಕಿದ್ದರೆ ಒಂದೇ ಸಮ ಗಟ್ಟಿಯಾಗಿ ಒತ್ತಿ, ಬಿಟ್ಟು ಬಿಟ್ಟು ಒತ್ತಬೇಡಿ.

ಇಷ್ಟೆಲ್ಲ ಮಾಡಿದರೂ ಈ ವ್ಯವಸ್ಥೆ ಹೊಸ ಹಿಡಿತ ಹುಟ್ಟಿಸಲಾರದು. ಟೈರಿಗೆ ಇರುವ ಹಿಡಿತವನ್ನೇ ಜಾಣತನದಿಂದ ಬಳಸುತ್ತದೆ. 40 ಕಿಲೋಮೀಟರ್ ವೇಗದಲ್ಲಿ ತಿರುಗಿದ ತಿರುವಿಗೇ 60ರಲ್ಲಿ ಬಂದರೆ ಪಕ್ಕದ ಎಳೆತ ಎರಡೂಕಾಲು ಪಟ್ಟಾಗುತ್ತದೆ. ರಾಗಿ ಹುಲ್ಲಿನ ಮೇಲೆ ಅಷ್ಟು ಹಿಡಿತ ಎಲ್ಲಿಂದ ಬರಬೇಕು?

ಗ್ಯಾರೇಜಿನಲ್ಲಿ ಗಮನ ಕೊಡಬೇಕಾದ್ದು

ಟೈರಿನ ಗೀರುಗಳ (ಟ್ರೆಡ್) ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೇ ಬದಲಿಸಬೇಕು. ಮಳೆಗಾಲಕ್ಕೆ ಅದಕ್ಕಿಂತ ಮುಂಚೆಯೇ ಬದಲಿಸುವುದು ಒಳ್ಳೆಯದು. ನಾಲ್ಕೂ ಟೈರ್ ಒಂದೇ ಅಳತೆಯವಿರಲಿ, ಅಳತೆ ಬೇರೆಯಾದರೆ ಚಕ್ರದ ವೇಗದ ಲೆಕ್ಕವೇ ತಪ್ಪುತ್ತದೆ. ಅಲೈನ್‌ಮೆಂಟ್ ಮಾಡಿಸಿದ ಮೇಲೆ ನೇರ ರಸ್ತೆಯಲ್ಲಿ ಸ್ಟೀರಿಂಗ್ ನೆಟ್ಟಗಿದೆಯಾ ನೋಡಿ. ಸೊಟ್ಟಗಿದ್ದರೆ ನೀವು ನೇರ ಹೋಗುತ್ತಿದ್ದರೂ ತಿರುಗುತ್ತಿದ್ದೀರಿ ಎಂಬ ಲೆಕ್ಕ ಕಂಪ್ಯೂಟರಿಗೆ ಹೋಗಬಹುದು, ಸ್ಟೀರಿಂಗ್ ಸೆನ್ಸರನ್ನು ಮತ್ತೆ ಸೆಟ್ ಮಾಡಿಸಬೇಕಾಗುತ್ತದೆ.

ದೀಪ ಮಿಟುಕಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ. ಆರದೆ ಉರಿಯುತ್ತಲೇ ಇದ್ದರೆ, ಆಫ್ ಬಟನ್ ಕೂಡ ಒತ್ತಿಲ್ಲವಾದರೆ, ಏನೋ ಕೆಟ್ಟಿದೆ. ಚಕ್ರದ ಸೆನ್ಸರಿಗೆ ಕೆಸರು ಮೆತ್ತಿರಬಹುದು, ಇಲಿ ವೈರ್ ಕಡಿದಿರಬಹುದು. ಮಾಮೂಲಿ ಬ್ರೇಕ್ ಹಿಡಿಯುತ್ತದೆ, ನಿಧಾನವಾಗಿ ಗ್ಯಾರೇಜಿಗೆ ಹೋಗಿ. ಕೆಂಪು ಬ್ರೇಕ್ ದೀಪವೂ ಹತ್ತಿದ್ದರೆ ಮಾತ್ರ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಕೀ ಆನ್ ಮಾಡಿ ಈ ದೀಪ ಹತ್ತುವುದನ್ನು ಕಣ್ಣಾರೆ ನೋಡಬೇಕು. ವ್ಯವಸ್ಥೆ ಇರುವ ಕಾರಿನಲ್ಲಿ ದೀಪ ಹತ್ತಲೇ ಇಲ್ಲವೆಂದರೆ, ದೋಷ ಕಾಣದಿರಲಿ ಎಂದು ಯಾರೋ ಅದನ್ನು ಮುಚ್ಚಿರಬಹುದು. ಸ್ಕ್ಯಾನರ್ ಹಾಕಿಸಿ ನೋಡದೆ ಅಡ್ವಾನ್ಸ್ ಕೊಡಬೇಡಿ.