ಕಚೇರಿಯ ಇಮೇಲ್ ಮತ್ತು ಕಡತಗಳನ್ನು ಹೊರಗಿನಿಂದ ಬಳಸಲು ನಾನು ಮಾಡಿಕೊಂಡ ವ್ಯವಸ್ಥೆ

ನಮ್ಮದು ಸಣ್ಣ ಕಚೇರಿ. ಪ್ರತ್ಯೇಕ ಐಟಿ ವಿಭಾಗವಿಲ್ಲದ ಕಾರಣ ಲೆಕ್ಕಪತ್ರದ ಜೊತೆಗೆ ಕಂಪ್ಯೂಟರ್‌ಗಳ ಉಸ್ತುವಾರಿಯೂ ನನ್ನ ಪಾಲಿಗೆ ಬಂದಿದೆ. ಮನೆಯಿಂದಲೂ ಪ್ರಯಾಣದಲ್ಲಿದ್ದಾಗಲೂ ಕೆಲಸ ಮುಂದುವರಿಸುವ ಅಗತ್ಯ ಬಂದಾಗ ಅದಕ್ಕೆ ಬೇಕಾದ ವ್ಯವಸ್ಥೆಯನ್ನು ನಾನೇ ಮಾಡಬೇಕಾಯಿತು. ಕಚೇರಿಯ ನೆಟ್‌ವರ್ಕಿಗೆ ಹೊರಗಿನಿಂದ ದಾರಿ ತೆರೆದರೆ ಅದರ ಅಪಾಯ ಎಲ್ಲರ ಕಡತಗಳಿಗೂ ತಟ್ಟುವುದರಿಂದ, ಮೊದಲು ಮುಖ್ಯಸ್ಥರ ಲಿಖಿತ ಒಪ್ಪಿಗೆ ಪಡೆದೆ. ಅನಂತರ ಯಾವುದು ಎಲ್ಲಿರಬೇಕೆಂದು ತೀರ್ಮಾನಿಸಿಕೊಂಡೆ. ಇಮೇಲ್ ಎಲ್ಲಿಂದಾದರೂ ಸಿಗಬೇಕು. ದಿನನಿತ್ಯದ ಪತ್ರಗಳು ಮತ್ತು ವರದಿಗಳು ವಿಪಿಎನ್ (ಹೊರಗಿನ ಸಾಧನವನ್ನು ಅಂತರಜಾಲದ ಮೂಲಕ ಕಚೇರಿಯ ನೆಟ್‌ವರ್ಕಿಗೆ ಸೇರಿಸುವ ಸುರಕ್ಷಿತ ಖಾಸಗಿ ಹಾದಿ) ಮೂಲಕ ಮಾತ್ರ ಸಿಗಬೇಕು. ಲೆಕ್ಕಪತ್ರದ ದತ್ತಾಂಶ ಕಚೇರಿಯಲ್ಲೇ ಉಳಿದು, ಆ ಕಂಪ್ಯೂಟರಿನ ಪರದೆ ಮಾತ್ರ ನನ್ನ ಬಳಿಗೆ ಬರಬೇಕು. ಮುಂದಿನ ಎಲ್ಲ ಕೆಲಸವೂ ಈ ವಿಂಗಡಣೆಯ ಮೇಲೆಯೇ ನಿಂತಿದೆ.

ಇಮೇಲ್ ವಿಷಯ ಬೇಗ ಮುಗಿಯಿತು. ನಮ್ಮ ಹಳೆಯ ಕಂಪ್ಯೂಟರ್‌ಗಳಲ್ಲಿ ಇಮೇಲ್ ಪಡೆಯಲು ಪಿಒಪಿ3 ಎಂಬ ವಿಧಾನ ಬಳಕೆಯಲ್ಲಿತ್ತು. ಅದು ಸಾಮಾನ್ಯವಾಗಿ ಪತ್ರಗಳನ್ನು ಒಂದೇ ಯಂತ್ರಕ್ಕೆ ಇಳಿಸಿಕೊಂಡು ಸರ್ವರ್‌ನಿಂದ ಅಳಿಸಿಬಿಡುವುದರಿಂದ, ಬೇರೆ ಕಡೆಯಿಂದ ನೋಡುವವರಿಗೆ ಅಂಚೆಪೆಟ್ಟಿಗೆ ಖಾಲಿಯಾಗಿಯೇ ಕಾಣುತ್ತದೆ. ಅದರ ಬದಲು ಐಮ್ಯಾಪ್ ಎಂಬ ವಿಧಾನ ಹಾಕಿದೆ. ಪತ್ರಗಳು ಸರ್ವರ್‌ನಲ್ಲೇ ಉಳಿಯುತ್ತವೆ, ಫೋನಿನಲ್ಲಿ ಓದಿದ್ದು ಕಚೇರಿಯ ಕಂಪ್ಯೂಟರಿನಲ್ಲೂ ಓದಿದ್ದಾಗಿಯೇ ಕಾಣುತ್ತದೆ. ಪತ್ರ ಪಡೆಯಲು 993, ಕಳಿಸಲು 587 ಪೋರ್ಟ್ (ಒಂದೊಂದು ಸೇವೆಗೂ ಇರುವ, ಸಂಖ್ಯೆಯಿಂದ ಗುರುತಿಸುವ ಬಾಗಿಲು). ಎರಡರಲ್ಲೂ ಗೂಢಲಿಪೀಕರಣ (ನಡುವೆ ಯಾರೂ ಓದಲಾಗದಂತೆ ಮಾಡುವುದು) ಕಡ್ಡಾಯ ಮಾಡಿದೆ. ಪ್ರತಿಯೊಬ್ಬರ ಖಾತೆಗೂ ಎರಡು ಹಂತದ ದೃಢೀಕರಣವನ್ನು ಸೇರಿಸಿ, ಸಂಕೇತ ಎಸ್ಸೆಮ್ಮೆಸ್ಸಿನಲ್ಲಿ ಬರುವ ಬದಲು ಫೋನಿನ ಆ್ಯಪ್‌ನಲ್ಲೇ 30 ಸೆಕೆಂಡಿಗೊಮ್ಮೆ ಬದಲಾಗುವ ವಿಧಾನವನ್ನು ಆರಿಸಿಕೊಂಡೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಅದು ಕೆಲಸ ಮಾಡುತ್ತದೆ.

ಕಡತಗಳಿಗಾಗಿ ಕಚೇರಿಯ ರೌಟರ್‌ನಲ್ಲೇ ಇದ್ದ ವೈರ್‌ಗಾರ್ಡ್ ವಿಪಿಎನ್ ಬಳಸಿದೆ. ಸರಿಯಾದ ಕೀಲಿ (ಸಾಧನವನ್ನು ಗುರುತಿಸುವ ರಹಸ್ಯ ಸಂಕೇತ) ಇಲ್ಲದೆ ಬಂದ ಕರೆಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಆದುದರಿಂದ ಅಂತರಜಾಲದಲ್ಲಿ ತೆರೆದ ಪೋರ್ಟ್‌ಗಳನ್ನು ಹುಡುಕುತ್ತಿರುವವರಿಗೆ ಅಲ್ಲೊಂದು ಬಾಗಿಲಿದೆ ಎಂಬುದೇ ಸುಲಭವಾಗಿ ತಿಳಿಯುವುದಿಲ್ಲ. ನನಗೆ ಬಹಳ ಮೆಚ್ಚುಗೆಯಾದ ಗುಣವಿದು. ಇದಕ್ಕೆ ಕಚೇರಿಯ ಇಂಟರ್ನೆಟ್ ಸಂಪರ್ಕಕ್ಕೆ ಸಾರ್ವಜನಿಕ ಐಪಿ ವಿಳಾಸ (ಅಂತರಜಾಲದಲ್ಲಿ ಹೊರಗಿನಿಂದ ತಲುಪಬಹುದಾದ ಸಂಖ್ಯಾರೂಪದ ವಿಳಾಸ) ಇರಬೇಕು. ರೌಟರ್‌ನ ಹೊರಮುಖದ ವಿಳಾಸ 100.64 ರಿಂದ 100.127 ರವರೆಗಿನ ಸಂಖ್ಯೆಯಿಂದ ಆರಂಭವಾಗುತ್ತಿದ್ದರೆ, ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆ ಎಂದು ಅರ್ಥ; ಆಗ ಹೊರಗಿನ ಕರೆ ರೌಟರ್‌ವರೆಗೆ ತಲುಪುವುದೇ ಇಲ್ಲ. ನಾವು ಸೇವಾದಾರರನ್ನು ಕೇಳಿ ಸ್ಥಿರ ವಿಳಾಸ ಪಡೆದೆವು.

ಎಲ್ಲವನ್ನೂ ಹೊಂದಿಸಿದ ಮೇಲೆ ಒಂದು ತೊಡಕು ಎದುರಾಯಿತು. ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಸಂಪರ್ಕವಾಗಿದೆ ಎಂದು ತೋರಿಸುತ್ತಿತ್ತು, ರೌಟರ್‌ನ ಪುಟದಲ್ಲೂ ನನ್ನ ಸಾಧನ ಈಗಷ್ಟೇ ಬಂದು ಸೇರಿದ ದಾಖಲೆಯಿತ್ತು. ಆದರೂ ಕಡತಗಳ ಸರ್ವರ್ ಮಾತ್ರ ಸಿಗಲಿಲ್ಲ. ಸರ್ವರ್‌ನ ವಿಳಾಸ 192.168.1.20. ಲ್ಯಾಪ್‌ಟಾಪಿನ ವಿಳಾಸ ನೋಡಿದರೆ, ಮನೆಯ ರೌಟರ್ ಅದಕ್ಕೆ ಕೊಟ್ಟಿದ್ದೂ 192.168.1 ಸರಣಿಯದೇ ಆಗಿತ್ತು. ಎರಡೂ ಕಡೆ ಒಂದೇ ಸರಣಿ ಇರುವಾಗ ಲ್ಯಾಪ್‌ಟಾಪ್ ಆ ಸರ್ವರನ್ನು ಮನೆಯೊಳಗೇ ಹುಡುಕುತ್ತಿತ್ತು, ಕೋರಿಕೆ ವಿಪಿಎನ್ ಹಾದಿಯನ್ನು ಹಿಡಿಯುತ್ತಲೇ ಇರಲಿಲ್ಲ. ಬಹುತೇಕ ರೌಟರ್‌ಗಳು ಕಾರ್ಖಾನೆಯಿಂದಲೇ 192.168.0 ಅಥವಾ 192.168.1 ಸರಣಿಯೊಂದಿಗೆ ಬರುವುದರಿಂದ, ಪ್ರತಿ ಸಹೋದ್ಯೋಗಿಯ ಮನೆಯಲ್ಲಿ ರೌಟರ್ ತಿದ್ದುವುದಕ್ಕಿಂತ ಕಚೇರಿಯ ಸರಣಿಯನ್ನೇ ಬದಲಿಸುವುದು ಮೇಲೆಂದು ನಿರ್ಧರಿಸಿ, 10.37.5 ಎಂಬ ಅಪರೂಪದ ಸರಣಿಗೆ ಎಲ್ಲವನ್ನೂ ವರ್ಗಾಯಿಸಿದೆ. ಸ್ಥಿರ ವಿಳಾಸ ಹೊಂದಿದ್ದ ಪ್ರಿಂಟರ್‌ಗಳನ್ನೂ ಸ್ಕ್ಯಾನರನ್ನೂ ಒಂದೊಂದಾಗಿ ತಿದ್ದಬೇಕಾಯಿತು. ವ್ಯವಸ್ಥೆ ಆರಂಭಿಸುವ ಮುನ್ನವೇ ಇದನ್ನು ಮಾಡಿಕೊಳ್ಳುವುದು ಒಳ್ಳೆಯದೆಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಪತ್ರಗಳು ಮತ್ತು ಎಕ್ಸೆಲ್ ಹಾಳೆಗಳಂಥವು ವಿಪಿಎನ್ ಮೂಲಕ ತೊಂದರೆಯಿಲ್ಲದೆ ತೆರೆಯುತ್ತವೆ. ಲೆಕ್ಕಪತ್ರದ ದತ್ತಾಂಶದ ಮಾತು ಬೇರೆ. ಆ ತಂತ್ರಾಂಶ ಒಂದು ವರದಿ ತೋರಿಸಲು ಸರ್ವರ್‌ನಿಂದ ಸಣ್ಣ ಸಣ್ಣ ತುಣುಕುಗಳನ್ನು ಸಾವಿರಾರು ಸಲ ಕೇಳುತ್ತದೆ. ಕಚೇರಿಯೊಳಗೆ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಒಂದು ಮಿಲಿಸೆಕೆಂಡೂ ಹಿಡಿಯುವುದಿಲ್ಲ. ಹೊರಗಿನಿಂದ 40 ಮಿಲಿಸೆಕೆಂಡು ಹಿಡಿದರೆ, ಒಂದಾದ ಮೇಲೊಂದರಂತೆ ಸಾವಿರ ಪ್ರಶ್ನೆಗಳಿಗೆ 40 ಸೆಕೆಂಡು ಕಾಯಬೇಕು. ಇಂಟರ್ನೆಟ್ ವೇಗ ಹೆಚ್ಚಿಸಿಕೊಂಡರೂ ಈ ಕಾಯುವಿಕೆ ಅಷ್ಟಾಗಿ ಇಳಿಯದು. ನಿಧಾನಕ್ಕಿಂತ ದೊಡ್ಡ ಆತಂಕವೆಂದರೆ, ಬರೆಯುವ ನಡುವೆ ಸಂಪರ್ಕ ಕಡಿದುಹೋದರೆ ದತ್ತಾಂಶವೇ ಕೆಡಬಹುದು.

ಹಾಗಾಗಿ ಈ ಕೆಲಸಕ್ಕೆ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುತ್ತೇನೆ. ತಂತ್ರಾಂಶ ಕಚೇರಿಯಲ್ಲೇ ಓಡುತ್ತದೆ. ಪರದೆಯ ಚಿತ್ರ ಇತ್ತ ಬರುತ್ತದೆ, ನನ್ನ ಕೀಲಿಮಣೆಯ ಒತ್ತುಗಳು ಅತ್ತ ಹೋಗುತ್ತವೆ. ಸಂಪರ್ಕ ಕಡಿದರೂ ಅಲ್ಲಿ ತೆರೆದಿದ್ದ ಕೆಲಸ ಹಾಗೆಯೇ ಇರುತ್ತದೆ, ಮತ್ತೆ ಸೇರಿಕೊಂಡಾಗ ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ನಾನು ಹೊರಗಿನಿಂದ ಕೆಲಸ ಮಾಡುತ್ತಿರುವಾಗ ಕಚೇರಿಯ ಮಾನಿಟರ್‌ನಲ್ಲಿ ಬೀಗ ಹಾಕಿದ ಪರದೆ ಕಾಣುತ್ತದೆಯೇ ಹೊರತು ಅಂಕಿಅಂಶಗಳು ಅಲ್ಲಿರುವವರ ಕಣ್ಣಿಗೆ ಬೀಳುವುದಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ವಿಂಡೋಸ್‌ನ ಪ್ರೊ ಆವೃತ್ತಿ ಇರಬೇಕು. ಹೋಮ್ ಆವೃತ್ತಿ ಇಂಥ ಸಂಪರ್ಕವನ್ನು ಸ್ವೀಕರಿಸುವುದಿಲ್ಲ. ಮನೆಯ ಲ್ಯಾಪ್‌ಟಾಪಿಗೆ ಹೋಮ್ ಸಾಕು.

ರೌಟರ್‌ನಲ್ಲಿ 3389 ಪೋರ್ಟ್ ತೆರೆದುಬಿಟ್ಟರೆ ವಿಪಿಎನ್ ಇಲ್ಲದೆಯೂ ರಿಮೋಟ್ ಡೆಸ್ಕ್‌ಟಾಪ್ ಸಿಗುತ್ತದೆ ಎಂಬ ಸಲಹೆ ಹಲವರಿಂದ ಬಂತು. ಅದನ್ನು ನಾನು ಖಂಡಿತವಾಗಿ ಒಪ್ಪಲಿಲ್ಲ, ಇತರರೂ ಒಪ್ಪಬಾರದೆಂದು ಬಯಸುತ್ತೇನೆ. 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ಎಂಬ ದೋಷದ ಮೂಲಕ, ಪಾಸ್‌ವರ್ಡ್ ತಿಳಿಯದವರೂ ಹಳೆಯ ವಿಂಡೋಸ್ ಯಂತ್ರಗಳನ್ನು ವಶಪಡಿಸಿಕೊಳ್ಳಲು ಸಾಧ್ಯವಿತ್ತು. 2014ರಲ್ಲೇ ಬೆಂಬಲ ನಿಂತಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತಿದ್ದುಪಡಿ ಬಿಡುಗಡೆ ಮಾಡಿತು. ಪೋರ್ಟ್ ಸಂಖ್ಯೆಯನ್ನು ಬೇರೆಯದಕ್ಕೆ ಬದಲಿಸಿದರೂ ರಕ್ಷಣೆ ಸಿಗುವುದಿಲ್ಲ, ಏಕೆಂದರೆ ತೆರೆದ ಬಾಗಿಲುಗಳನ್ನು ಹುಡುಕುವ ತಂತ್ರಾಂಶಗಳು ಎಲ್ಲ 65,535 ಪೋರ್ಟ್‌ಗಳನ್ನೂ ತಟ್ಟಿ ನೋಡಬಲ್ಲವು. ನಮ್ಮಲ್ಲಿ ಮೊದಲು ವಿಪಿಎನ್, ಅದರೊಳಗೆ ರಿಮೋಟ್ ಡೆಸ್ಕ್‌ಟಾಪ್, ಬೇರೆ ದಾರಿಯಿಲ್ಲ.

ಕಚೇರಿಯ ಕಂಪ್ಯೂಟರ್ ನಿದ್ರಾವಸ್ಥೆಗೆ ಹೋಗದಂತೆ ಹೊಂದಿಸಿ, ಮಾನಿಟರ್ ಮಾತ್ರ ಆರುವಂತೆ ಮಾಡಿದ್ದೇನೆ. ವಿದ್ಯುತ್ ಹೋಗಿ ಬಂದಾಗ ಅದು ತಾನಾಗಿ ಚಾಲನೆಗೊಳ್ಳುವ ಆಯ್ಕೆ ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ ಮೂಲ ತಂತ್ರಾಂಶ) ಇದೆ. ಯಾರಾದರೂ ಕಂಪ್ಯೂಟರನ್ನು ಆಫ್ ಮಾಡಿ ಹೋಗಿದ್ದರೆ, ವಿಪಿಎನ್ ಮೂಲಕ ರೌಟರ್‌ನ ಪುಟಕ್ಕೆ ಹೋಗಿ ಅದನ್ನು ನೆಟ್‌ವರ್ಕಿನಿಂದಲೇ ಎಬ್ಬಿಸುವ ವೇಕ್ ಆನ್ ಲ್ಯಾನ್ ಸಂದೇಶ ಕಳಿಸುತ್ತೇನೆ. ಇದು ನೆಟ್‌ವರ್ಕಿನ ಎಲ್ಲ ಸಾಧನಗಳಿಗೂ ಒಟ್ಟಿಗೆ ಹೋಗುವ ಪ್ರಸಾರ ಸಂದೇಶ; ಲ್ಯಾಪ್‌ಟಾಪಿನಿಂದ ನೇರವಾಗಿ ಕಳಿಸಿದರೆ ವಿಪಿಎನ್ ದಾಟುವುದಿಲ್ಲ, ರೌಟರ್ ಕಳಿಸಿದ್ದು ತಲುಪುತ್ತದೆ.

ವೈರ್‌ಗಾರ್ಡ್‌ನಲ್ಲಿ ಪ್ರತಿ ಸಾಧನಕ್ಕೂ ಪ್ರತ್ಯೇಕ ಕೀಲಿ ಮಾಡಿಸಿ, ಯಾವ ಕೀಲಿ ಯಾರ ಯಾವ ಸಾಧನದ್ದು ಎಂಬ ಪಟ್ಟಿಯನ್ನು ಮುಖ್ಯಸ್ಥರ ಬಳಿಯೂ ಇರಿಸಿದ್ದೇನೆ. ಫೋನ್ ಕಳೆದುಹೋದರೆ ಅಥವಾ ಯಾರಾದರೂ ಕೆಲಸ ಬಿಟ್ಟರೆ ಅವರ ಕೀಲಿಯನ್ನಷ್ಟೇ ರೌಟರ್‌ನಿಂದ ತೆಗೆದು, ಇಮೇಲ್ ಪಾಸ್‌ವರ್ಡನ್ನು ಅಂದೇ ಬದಲಿಸಿದರೆ ಸಾಕು. ಉಳಿದವರ ಸಂಪರ್ಕಕ್ಕೆ ಯಾವ ಅಡಚಣೆಯೂ ಆಗುವುದಿಲ್ಲ.